ನಿಧಾನದ ನಿದಾನ: ಬಾಗಲಕೋಟೆ ಸೀಮೆಯ ಭೂದಾಖಲೆಗಳನ್ನು ಕುರಿತು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ನಾಲ್ಕು ತಾಲೂಕುಗಳ ಕಂದಾಯ ಕಛೇರಿಗಳಿಗೆ ಉತಾರಕ್ಕಾಗಿಯೋ ವಾರಸಾ ದಾಖಲೆಗಾಗಿಯೋ ಹೋದ ರೈತರು ಇತ್ತೀಚಿನ ವರ್ಷಗಳಲ್ಲಿ ಆಗಾಗ ಕೇಳಿ ಹಿಂದಿರುಗುವ ಮಾತೊಂದಿದೆ. ಅದು "ಸರ್ವರ್ ಇಲ್ಲ" ಎಂಬುದು. ಯಂತ್ರವು ಕೆಟ್ಟಿದ್ದರೂ ಇದೇ ಮಾತು, ತಂತಿ ಕಡಿದಿದ್ದರೂ ಇದೇ ಮಾತು, ಯಂತ್ರವು ಮಂದವಾಗಿ ನಡೆಯುತ್ತಿದ್ದರೂ ಇದೇ ಮಾತು. ಗಣಕಗಳು ಬರುವುದಕ್ಕೆ ಮೊದಲು ಇದರ ಸ್ಥಾನದಲ್ಲಿ "ದಫ್ತರ ಸಿಗವಲ್ದು" ಎಂಬ ಮಾತಿತ್ತು. ಎರಡರಲ್ಲಿಯೂ ತಡವಾದುದರ ಹೊಣೆಯನ್ನು ದಾಖಲೆಗಳನ್ನು ಇಟ್ಟಿರುವ ಉಗ್ರಾಣದ ಮೇಲೆ ಹೊರಿಸಲಾಗಿದೆ. ಈ ಆರೋಪವು ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಗಣಕದ ಡಿಸ್ಕಿನ ಮಾತೇಕೆ ಎಂದು ಕೇಳುವವರಿಗೆ ನಮ್ಮ ಉತ್ತರ ಸರಳವಾದುದು. ವಿಳಂಬಕ್ಕೆ ಉಗ್ರಾಣವೇ ಕಾರಣವೆಂದು ಒಮ್ಮೆ ನಿಶ್ಚಯಿಸಿದರೆ, ಉಗ್ರಾಣದ ಭಾರವನ್ನು ಇಳಿಸುವುದೇ ಅದಕ್ಕೆ ಪರಿಹಾರವೆಂದು ತೋರುತ್ತದೆ. ಭಾರವನ್ನು ಇಳಿಸಹೊರಟವರ ಕೈ ಮೊದಲು ಹೋಗುವುದು ಹಳೆಯ ಕಾಗದಗಳ ಮೇಲೆ. ಆ ಹಳೆಯ ಕಾಗದಗಳೇ ನಮ್ಮ ಆಕರಗಳು. ಆದುದರಿಂದ ವಿಳಂಬದ ಮೂಲವನ್ನು ಸರಿಯಾಗಿ ಗುರುತಿಸುವುದು ಯಂತ್ರಜ್ಞರಿಗೆ ಎಷ್ಟು ಅಗತ್ಯವೋ ನಮಗೂ ಅಷ್ಟೇ ಅಗತ್ಯ. ಪ್ರಾಸಂಗಿಕವಾಗಿ ಇಲ್ಲಿ ಒಂದು ಮಾತು. ಸಂಸ್ಕೃತದಲ್ಲಿ 'ನಿಧಾನ'ವೆಂದರೆ ಇಡುವ ಸ್ಥಳ, ಭಂಡಾರ. ಕನ್ನಡದಲ್ಲಿ ಅದೇ ಶಬ್ದಕ್ಕೆ ಸಾವಕಾಶವೆಂಬ ಅರ್ಥ ಬಂದಿದೆ. ಅಲ್ಪಪ್ರಾಣದ 'ನಿದಾನ'ವಾದರೋ ವೈದ್ಯರು ರೋಗದ ಮೂಲವನ್ನು ಕಂಡುಹಿಡಿಯುವುದಕ್ಕೆ ಇಟ್ಟ ಹೆಸರು. ಭಂಡಾರ, ಸಾವಕಾಶ, ರೋಗಮೂಲ ಈ ಮೂರನ್ನೂ ಒಟ್ಟಿಗೆ ನೋಡಬೇಕಾಗಿರುವುದರಿಂದ ಶೀರ್ಷಿಕೆಯಲ್ಲಿ ಎರಡು ಶಬ್ದಗಳನ್ನೂ ಬಳಸಿದ್ದೇವೆ.

ಈ ಸೀಮೆಯ ಅತ್ಯಂತ ಹಳೆಯ ಭೂದಾಖಲೆಗಳಲ್ಲಿ ಹುಡುಕುವ ಕಷ್ಟವೇ ಇರಲಿಲ್ಲವೆಂಬುದು ಗಮನಾರ್ಹ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನು ಬರೆಯಿಸಿದ, ಶಕವರ್ಷ ೫೦೦ರ, ಅಂದರೆ ಕ್ರಿ.ಶ. ೫೭೮ರ ಶಾಸನವು ಲಂಜೀಶ್ವರವೆಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟ ಸಂಗತಿಯನ್ನು ತಿಳಿಸುತ್ತದೆ. ದತ್ತಿಯನ್ನು ಪಡೆದ ದೇವರ ಮನೆಯ ಕಂಬದ ಮೇಲೆಯೇ ದತ್ತಿಯ ದಾಖಲೆ. ಬರೆಯುವುದು ಬಹು ತಡವಾದ ಕೆಲಸ. ಕಂಡರಣೆಯವನು ಒಂದೊಂದು ಅಕ್ಷರವನ್ನೂ ಕಲ್ಲಿನಲ್ಲಿ ಬಿಡಿಸಬೇಕು. ಓದುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ, ಯಾವ ಗಂಟನ್ನೂ ಬಿಚ್ಚಬೇಕಾಗಿಲ್ಲ. ಬರೆಯುವ ವಿಳಂಬ ಬೇರೆ, ಓದುವ ವಿಳಂಬ ಬೇರೆ ಎಂಬ ಭೇದವನ್ನು ಇಲ್ಲಿಯೇ ಗಮನಿಸತಕ್ಕದ್ದು. ಒಂದನ್ನು ತಗ್ಗಿಸಿದರೆ ಮತ್ತೊಂದು ಹೆಚ್ಚುವುದು ಮುಂದೆಯೂ ಹಲವು ಕಡೆ ಕಾಣುತ್ತದೆ.

ಕಾಗದದ ಕಾಲಕ್ಕೆ ಬಂದರೆ ಸ್ಥಿತಿ ವಿಪರೀತವಾಗುತ್ತದೆ. ೧೮೧೮ರಲ್ಲಿ ಥಾಮಸ್ ಮನ್ರೋ ಬಾದಾಮಿಯನ್ನು ಹಿಡಿದು ಈ ಭಾಗವು ಕಂಪನಿ ಸರ್ಕಾರಕ್ಕೆ ಸೇರಿದಾಗ ಗ್ರಾಮದ ಲೆಕ್ಕವೆಲ್ಲ ಕುಲಕರ್ಣಿಯ ವಶದಲ್ಲಿತ್ತು. ಪೇಶ್ವೆಯರ ಆಳಿಕೆಯ ಪರಿಣಾಮವಾಗಿ ಬಹಳಷ್ಟು ಲೆಕ್ಕಗಳು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇದ್ದವು. ಮೋಡಿಯು ಬರೆಯುವವನ ಅನುಕೂಲಕ್ಕಾಗಿ ಬೆಳೆದ ಲಿಪಿ. ಲೇಖಣಿಯನ್ನು ಎತ್ತದೆ ಸರಸರನೆ ಬರೆದುಕೊಂಡು ಹೋಗಬಹುದು. ಓದುವವನಿಗಾದರೋ ಅದು ಅಷ್ಟು ಸುಲಭವಲ್ಲ. ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟುತ್ತಿದ್ದರು. ಈ ಗಂಟಿಗೆ ರುಮಾಲು ಎಂದು ಹೆಸರು. ಯಾವ ರುಮಾಲಿನಲ್ಲಿ ಯಾವ ಕಾಗದವಿದೆ ಎಂಬುದು ಕುಲಕರ್ಣಿಯ ನೆನಪಿನಲ್ಲಿ ಮಾತ್ರ ಇರುತ್ತಿದ್ದುದರಿಂದ ಆ ನೆನಪೇ ಆ ಉಗ್ರಾಣದ ಸೂಚಿಯಾಗಿತ್ತು. ಸೂಚಿಯು ಒಂದು ಮನೆತನದ ತಲೆಯೊಳಗೆ ಇರುವಾಗ ಅದಕ್ಕೆ ಬೆಲೆ ಬರುವುದು ಸಹಜವೆಂಬುದನ್ನು ವಿಸ್ತರಿಸಬೇಕಾಗಿಲ್ಲ.

ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ೧೮೩೫-೩೬ರ ಸುಮಾರಿನಲ್ಲಿ ಇಂದಾಪುರದಲ್ಲಿ ಆರಂಭಿಸಿ, ೧೮೪೭ರ ಸಂಯುಕ್ತ ವರದಿಯಲ್ಲಿ ಸ್ಥಿರಪಡಿಸಿದ ಮುಂಬಯಿ ಭೂಮಾಪನ ಪದ್ಧತಿಯು ಈ ಸ್ಥಿತಿಯನ್ನು ಬದಲಿಸಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಈ ಪದ್ಧತಿ ನಮ್ಮ ಸೀಮೆಗೂ ಬಂದಿತು. ಅದರ ಗುಣದೋಷಗಳನ್ನು ಕಂದಾಯದ ದೃಷ್ಟಿಯಿಂದ ಅನೇಕ ವಿದ್ವಾಂಸರು ಚರ್ಚಿಸಿದ್ದಾರೆ. ದಾಖಲೆಯ ದೃಷ್ಟಿಯಿಂದ ಅದರ ಮುಖ್ಯ ಕೊಡುಗೆ ಸರ್ವೆ ನಂಬರು. ಹೊಲಕ್ಕೆ ಒಡೆಯನ ಹೆಸರನ್ನು ಅವಲಂಬಿಸದ, ಕಲ್ಲು ನೆಟ್ಟು ಗುರುತಿಸಿದ, ಬದಲಾಗದ ಒಂದು ವಿಳಾಸ ದೊರೆಯಿತು. ಪುಸ್ತಕವನ್ನು ಆ ನಂಬರುಗಳ ಕ್ರಮದಲ್ಲಿ ಬರೆಯಲಾಯಿತು. ನಂಬರು ಹೇಳಿದವನಿಗೆ ಪುಟ ಕ್ಷಣಾರ್ಧದಲ್ಲಿ ಸಿಗುತ್ತದೆ. ಹೆಸರನ್ನು ಮಾತ್ರ ಹೇಳಿ, 'ನಮ್ಮಪ್ಪನ ಹೊಲ ಯಾವುದು ನೋಡ್ರಿ' ಎಂದು ಕೇಳಿದವನಿಗಾಗಿ ಇಡೀ ಪುಸ್ತಕವನ್ನು ಮೊದಲಿನಿಂದ ತಿರುವಬೇಕು. ಖಾತೆಯ ಪುಸ್ತಕವೆಂಬ ಎರಡನೆಯ ಪುಸ್ತಕವನ್ನು ಹೆಸರಿನ ಮೇಲೆ ಇಟ್ಟುದು ಈ ತೊಂದರೆಯ ನಿವಾರಣೆಗಾಗಿಯೇ. ಆದರೆ ಇನ್ನು ಮುಂದೆ ಒಂದು ಬದಲಾವಣೆಯಾದರೆ ಎರಡು ಪುಸ್ತಕಗಳನ್ನು ತಿದ್ದಬೇಕು. ಓದುವುದು ಹಗುರವಾದಷ್ಟೂ ಬರೆಯುವುದು ಭಾರವಾಯಿತು.

ಭೂಮಾಪನದ ಪುಸ್ತಕವು ಕಂದಾಯ ಕೊಡುವವನು ಯಾರೆಂದು ಹೇಳುತ್ತಿತ್ತೇ ಹೊರತು ಹಕ್ಕುದಾರ ಯಾರೆಂದು ಖಚಿತವಾಗಿ ಹೇಳುತ್ತಿರಲಿಲ್ಲ. ಈ ಕೊರತೆಯನ್ನು ತುಂಬುವುದಕ್ಕಾಗಿ ಮುಂಬಯಿ ಸರ್ಕಾರವು ೧೯೦೩ರಲ್ಲಿ ಹಕ್ಕುದಾಖಲೆಯ ಕಾನೂನನ್ನು ಮಾಡಿ, ೧೯೧೩ರಲ್ಲಿ ಅದನ್ನು ೧೮೭೯ರ ಭೂಕಂದಾಯ ಸಂಹಿತೆಯೊಳಗೆ ಸೇರಿಸಿತು. ಇದರಲ್ಲಿ ನಮಗೆ ಅತಿ ಮುಖ್ಯವಾದುದು ಹಕ್ಕುಬದಲಾವಣೆಯ ಪುಸ್ತಕ, ಮರಾಠಿಯಲ್ಲಿ ಫೇರ್‌ಫಾರ್. ಮಾರಾಟ, ಅಡವು, ವಾರಸಾ, ವಾಟಣಿ ಏನೇ ಆಗಲಿ, ಗ್ರಾಮದ ಅಧಿಕಾರಿಯು ಮೊದಲು ಈ ಪುಸ್ತಕದಲ್ಲಿ ಬಂದ ಕ್ರಮದಲ್ಲಿಯೇ ಒಂದರ ಕೆಳಗೆ ಒಂದರಂತೆ ಬರೆಯುವನು. ಆ ಬಳಿಕ ಅದರ ಪ್ರತಿಯನ್ನು ಚಾವಡಿಯಲ್ಲಿ ಅಂಟಿಸಿ, ಸಂಬಂಧಪಟ್ಟವರಿಗೆ ನೋಟೀಸು ಕೊಟ್ಟು, ತಕರಾರು ಬಂದರೆ ತಕರಾರಿನ ಪುಸ್ತಕದಲ್ಲಿ ಬರೆದು, ಮೇಲಧಿಕಾರಿಯು ಪ್ರಮಾಣೀಕರಿಸಿದ ಮೇಲೆಯೇ ಅದು ಹಕ್ಕುದಾಖಲೆಗೆ ಏರುವುದು.

ಇಂದಿನ ದತ್ತಸಂಚಯ ಯಂತ್ರಗಳ ಒಳರಚನೆಯನ್ನು ಬಲ್ಲವರಿಗೆ ಈ ಏರ್ಪಾಡು ಪರಿಚಿತವಾಗಿಯೇ ತೋರುವುದು. ಅಲ್ಲಿಯೂ 'ಲಾಗ್' ಎಂಬ ಒಂದು ದಿನವಹಿ ಇದೆ. ಪ್ರತಿಯೊಂದು ಬದಲಾವಣೆಯೂ ಮೊದಲು ಬಂದ ಕ್ರಮದಲ್ಲಿ ದಿನವಹಿಯ ಕೊನೆಗೆ ಸೇರಿ ಡಿಸ್ಕಿನಲ್ಲಿ ಊರಿದ ಮೇಲೆಯೇ 'ಆಯಿತು' ಎಂಬ ಉತ್ತರ ದೊರೆಯುವುದು. ಮುಖ್ಯ ಕಡತದ ಪುಟಗಳನ್ನು ಸಾವಕಾಶವಾಗಿ ಆಮೇಲೆ ತಿದ್ದಲಾಗುವುದು. ನಡುವೆ ಯಂತ್ರವು ನಿಂತುಹೋದರೂ ದಿನವಹಿಯಿಂದ ಎಲ್ಲವನ್ನೂ ಮರಳಿ ಕಟ್ಟಬಹುದು. ಇವೆರಡರಲ್ಲಿ ಒಂದು ಮತ್ತೊಂದರಿಂದ ಬಂದುದೆಂದು ನಾವು ಹೇಳುತ್ತಿಲ್ಲ. ಕಳೆದುಹೋಗಬಾರದ ದಾಖಲೆಯನ್ನು ಇಡಬೇಕಾದವರು ಇದೇ ದಾರಿಗೆ ಬಂದು ಸೇರುತ್ತಾರೆ ಎಂದಷ್ಟೇ ಹೇಳುತ್ತೇವೆ.

೧೯೫೦ರ ಕಾನೂನಿನಂತೆ ಮುಂಬಯಿ ರಾಜ್ಯದಲ್ಲಿ ಕುಲಕರ್ಣಿ ವತನಗಳು ರದ್ದಾಗಿ ಸಂಬಳದ ತಲಾಟಿಗಳು ಬಂದರು. ದಫ್ತರುಗಳು ಮನೆಗಳಿಂದ ಕಛೇರಿಗಳಿಗೆ ಬಂದವು. ಅವುಗಳ ಸೂಚಿಯಾಗಿದ್ದ ನೆನಪು ಮನೆಯಲ್ಲಿಯೇ ಉಳಿಯಿತು. ೧೯೫೬ರಲ್ಲಿ ವಿಜಾಪುರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿ, ೧೯೬೪ರ ಭೂಕಂದಾಯ ಅಧಿನಿಯಮವು ಇಡೀ ರಾಜ್ಯಕ್ಕೆ ಒಂದೇ ಬಗೆಯ ನಮೂನೆಗಳನ್ನು ತಂದಿತು. ನಮ್ಮ ಉತಾರವು ನಮೂನೆ ೧೬ರ ಪಹಣಿಯಾಯಿತು. ೧೯೭೪ರ ಮಾರ್ಚ್ ೧ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಗೇಣಿದಾರರ ಅರ್ಜಿಗಳು ನ್ಯಾಯಮಂಡಳಿಗಳ ಮುಂದೆ ರಾಶಿಯಾಗಿ ಬಂದವು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗಾಗಿ ಕೃಷ್ಣೆ ಘಟಪ್ರಭೆಗಳ ದಂಡೆಯ ಹೊಲಗಳನ್ನೂ ಬಾಗಲಕೋಟೆ ಪಟ್ಟಣದ ಒಂದು ಭಾಗವನ್ನೂ ಸ್ವಾಧೀನಪಡಿಸಿಕೊಂಡಾಗ ಮತ್ತೊಂದು ರಾಶಿ. ಮುಳುಗುವ ಹೊಲದ ಪರಿಹಾರದ ಹಣವು ಉತಾರದಲ್ಲಿ ಹೆಸರಿದ್ದವನಿಗೆ ಹೋಗುತ್ತದೆ. ತಂದೆ ತೀರಿಕೊಂಡು ವಾರಸಾ ಏರದೆ ಇದ್ದ ಮನೆಗೆ ಒಂದೊಂದು ತಿಂಗಳ ತಡವೂ ನಷ್ಟವೇ. ಹೊಲವಾದರೋ ಇವರ ಕಾಗದಕ್ಕಾಗಿ ಕಾಯದೆ ಮುಳುಗುತ್ತಿತ್ತು.

ವರ್ಷದುದ್ದಕ್ಕೂ ಸಮನಾಗಿ ಬರುವ ಕೆಲಸಕ್ಕೆ ಸಾಕಾಗುವ ಕಛೇರಿಯು ಒಮ್ಮೆಗೇ ಬರುವ ಕೆಲಸಕ್ಕೆ ಸಾಕಾಗುವುದಿಲ್ಲವೆಂಬುದು ಎಲ್ಲರಿಗೂ ತೋರುವ ಸಂಗತಿ. ಆದರೆ ಅದರ ಪ್ರಮಾಣವು ಲೋಕದ ಎಣಿಕೆಗೆ ಮೀರಿದ್ದು. ಸರದಿಯ ಗಣಿತವನ್ನು ೧೯೦೯ರಲ್ಲಿ ಕೋಪನ್‌ಹೇಗನ್ನಿನ ದೂರವಾಣಿ ಸಂಸ್ಥೆಯ ಎರ್ಲಾಂಗ್ ಎಂಬವನು ಆರಂಭಿಸಿದನು. ಬರುವವರು ಅನಿಯತವಾಗಿ ಬರುವ ಸರಳ ಸರದಿಯಲ್ಲಿ, ಗುಮಾಸ್ತನು ಅರ್ಧ ಹೊತ್ತು ಕೆಲಸದಲ್ಲಿದ್ದರೆ ಬಂದವನಿಗೆ ತಗಲುವ ಕಾಲವು ಕೆಲಸದ ಕಾಲದ ಎರಡರಷ್ಟು, ನೂರಕ್ಕೆ ೮೦ರಷ್ಟು ಹೊತ್ತು ಕೆಲಸದಲ್ಲಿದ್ದರೆ ಐದರಷ್ಟು, ೯೦ಕ್ಕೆ ಹತ್ತರಷ್ಟು, ೯೫ಕ್ಕೆ ಇಪ್ಪತ್ತರಷ್ಟು. ಕೊನೆಯ ಐದು ಪಾಲಿನ ಹೊರೆಯೇ ಕಾಯುವಿಕೆಯನ್ನು ಇಮ್ಮಡಿ ಮಾಡುತ್ತದೆ. ಗುಮಾಸ್ತನು ಮೊದಲಿನ ವೇಗದಲ್ಲಿಯೇ ದುಡಿಯುತ್ತಿರುವಾಗಲೂ ಅವನು ಮಂದನಾದನೆಂದು ಹೊರಗಿನವರಿಗೆ ತೋರುವುದು ಇದರಿಂದ.

ಈಗ ಯಂತ್ರದ ಕಡೆಗೆ ಬರೋಣ. ಕರ್ನಾಟಕದ ಏಕೀಕರಣವಾದ ೧೯೫೬ನೆಯ ವರ್ಷದಲ್ಲಿಯೇ ಐಬಿಎಂ ಸಂಸ್ಥೆಯು ತಿರುಗುವ ಡಿಸ್ಕಿನ ಮೊದಲ ಉಗ್ರಾಣವನ್ನು ಪ್ರಕಟಪಡಿಸಿತು. ೨೪ ಅಂಗುಲ ಅಗಲದ ೫೦ ತಟ್ಟೆಗಳು, ಒಟ್ಟು ೫೦ ಲಕ್ಷ ಅಕ್ಷರಗಳು. ಬೇಕಾದ ತಟ್ಟೆಯ ಬಳಿಗೆ ತೋಳು ಏರಿ ಇಳಿದು ಹೋಗಬೇಕಾಗಿತ್ತು. ಒಂದು ಅಕ್ಷರಪಂಕ್ತಿಯನ್ನು ತಲುಪಲು ಸರಾಸರಿ ಅರ್ಧ ಸೆಕೆಂಡಿಗೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಕಪಾಟುಗಳ ನಡುವೆ ಓಡಾಡುವ ಒಬ್ಬನೇ ಕಾರಕೂನನ ಚಿತ್ರ ಇದು. ಮುಂದೆ ತಟ್ಟೆಗಳು ಕಿರಿದಾದವು, ಅಕ್ಷರಗಳು ದಟ್ಟವಾದವು. ತೋಳು ಮಾತ್ರ ತೋಳಾಗಿಯೇ ಉಳಿಯಿತು. ನಿಮಿಷಕ್ಕೆ ೭೨೦೦ ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು ೮.೩ ಮಿಲಿಸೆಕೆಂಡು, ಸರಾಸರಿ ಅರ್ಧ ಸುತ್ತು ಕಾಯಬೇಕು, ತೋಳು ಸರಿಯುವುದಕ್ಕೆ ಇನ್ನೊಂದು ಎಂಟು. ಅಂತೂ ಎಲ್ಲಿಯೋ ಇರುವ ಒಂದು ಪುಟವನ್ನು ತರಲು ೧೨ ಮಿಲಿಸೆಕೆಂಡು, ಅಂದರೆ ಸೆಕೆಂಡಿಗೆ ಸುಮಾರು ೮೦ ಪುಟಗಳು. ಅದೇ ಡಿಸ್ಕು ಒಂದರ ಪಕ್ಕದಲ್ಲೊಂದಿರುವ ಪುಟಗಳನ್ನು ಸಾಲಾಗಿ ಓದುವಾಗ ಸೆಕೆಂಡಿಗೆ ೧೦೦ ಮೆಗಾಬೈಟಿಗೂ ಮಿಗಿಲಾಗಿ ತರಬಲ್ಲದು. ಚಿಪ್ಪಿನ ಡಿಸ್ಕುಗಳಲ್ಲಿ ತೋಳೇ ಇಲ್ಲದುದರಿಂದ ಈ ಕಾಲವು ಮಿಲಿಸೆಕೆಂಡಿನ ಭಾಗಕ್ಕೆ ಇಳಿದಿದೆ. ಆದರೂ ಸರದಿಯ ಗಣಿತವು ಅವಕ್ಕೂ ತಪ್ಪಿದ್ದಲ್ಲ.

ಸರ್ವರು ಮಂದವಾಗಿದೆ ಎಂದಾಗ ಪರೀಕ್ಷಕನು ಮೊದಲು ಕೇಳತಕ್ಕ ಪ್ರಶ್ನೆ, ಡಿಸ್ಕು ಕೆಲಸ ಮಾಡಲು ತಡಮಾಡುತ್ತಿದೆಯೇ, ಅಥವಾ ಡಿಸ್ಕಿನ ಬಾಗಿಲಲ್ಲಿ ಸರದಿ ಬೆಳೆದಿದೆಯೇ ಎಂಬುದು. ಲೈನಕ್ಸ್ ವ್ಯವಸ್ಥೆಯಲ್ಲಿ 'ಐಒಸ್ಟ್ಯಾಟ್' ಎಂಬ ಆಜ್ಞೆಯು ಸೆಕೆಂಡಿಗೆ ಎಷ್ಟು ಓದು, ಎಷ್ಟು ಬರೆಹ, ಒಂದೊಂದಕ್ಕೆ ಸರಾಸರಿ ಎಷ್ಟು ಕಾಯುವಿಕೆ, ಸರದಿಯ ಸರಾಸರಿ ಉದ್ದ ಎಷ್ಟು ಎಂಬುದನ್ನು ಪ್ರತ್ಯೇಕವಾಗಿ ತೋರಿಸುತ್ತದೆ. ಇವುಗಳೊಳಗಿನ ಸಂಬಂಧವನ್ನು ೧೯೬೧ರಲ್ಲಿ ಜಾನ್ ಲಿಟಲ್ ಎಂಬ ವಿದ್ವಾಂಸರು ಸಾಧಿಸಿದರು: ಸೆಕೆಂಡಿಗೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರಿಗೆ ತಗಲುವ ಕಾಲದಿಂದ ಗುಣಿಸಿದರೆ ಒಳಗಿರುವವರ ಸಂಖ್ಯೆ ಬರುತ್ತದೆ. ಸೆಕೆಂಡಿಗೆ ೭೦ ಓದುಗಳು ನಡೆಯುತ್ತಿದ್ದು ಪ್ರತಿಯೊಂದಕ್ಕೆ ೧೦೦ ಮಿಲಿಸೆಕೆಂಡು ಹಿಡಿಯುತ್ತಿದ್ದರೆ, ಯಾವಾಗಲೂ ಏಳು ಕೋರಿಕೆಗಳು ಡಿಸ್ಕಿನ ಬಳಿ ಇವೆ ಎಂದು ಅರ್ಥ. ಇಂತಹ ಡಿಸ್ಕು ಕೆಟ್ಟಿಲ್ಲ, ತನ್ನ ಶಕ್ತಿಯ ಮೇರೆಗೆ ದುಡಿಯುತ್ತಿದೆ, ಕೇಳುತ್ತಿರುವವರು ಹೆಚ್ಚು. ಸೆಕೆಂಡಿಗೆ ಐದೇ ಓದುಗಳಿದ್ದು ಪ್ರತಿಯೊಂದಕ್ಕೆ ೧೦೦ ಮಿಲಿಸೆಕೆಂಡು ಹಿಡಿದರೆ ರೋಗವು ಡಿಸ್ಕಿನಲ್ಲಿಯೇ, ಅಥವಾ ಅದಕ್ಕೂ ಸರ್ವರಿಗೂ ನಡುವಿನ ದಾರಿಯಲ್ಲಿ ಇದೆ. ನೂರಕ್ಕೆ ಇಷ್ಟು ಹೊತ್ತು ಕೆಲಸದಲ್ಲಿದೆ ಎಂದು ಹೇಳುವ ಕೊನೆಯ ಅಂಕಣವನ್ನು ಮಾತ್ರ ನೋಡಿ ತೀರ್ಮಾನಿಸುವವರಿದ್ದಾರೆ. ಒಮ್ಮೆಗೆ ಹಲವು ಕೆಲಸಗಳನ್ನು ಮಾಡಬಲ್ಲ ಚಿಪ್ಪಿನ ಡಿಸ್ಕುಗಳಲ್ಲಿಯೂ ಡಿಸ್ಕುಗಳ ಗುಂಪಿನಲ್ಲಿಯೂ ಅದು ನೂರನ್ನು ಮುಟ್ಟಿದ್ದರೂ ಅವಕಾಶ ಉಳಿದಿರಬಹುದು. ಇಡೀ ದಿನದ ಸರಾಸರಿಯೂ ಇಂಥದೇ ಮೋಸಗಾರ. ವರ್ಷದ ಜಮಾಬಂದಿಯ ಮೊತ್ತದಿಂದ ಸುಗ್ಗಿಯ ತಿಂಗಳ ತೊಂದರೆ ತಿಳಿಯದಂತೆ, ದಿನದ ಸರಾಸರಿಯಿಂದ ಬೆಳಗಿನ ಹನ್ನೊಂದು ಗಂಟೆಯ ಜನಸಂದಣಿ ತಿಳಿಯುವುದಿಲ್ಲ.

ಸರದಿ ಬೆಳೆದಿದೆ ಎಂದು ತಿಳಿದ ಮೇಲೆ, ಅಷ್ಟೊಂದು ಓದುಗಳು ಏಕೆ ಎಂಬುದು ಎರಡನೆಯ ಪ್ರಶ್ನೆ. ಇಲ್ಲಿ ಒಂದು ಲೆಕ್ಕವನ್ನು ಮಾಡಿ ತೋರಿಸುವುದು ಉಚಿತ. 'ಭೂಮಿ' ಯೋಜನೆಯಲ್ಲಿ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಲಾಯಿತು. ಒಂದೊಂದಕ್ಕೆ ೫೦೦ ಬೈಟುಗಳೆಂದು ಇಟ್ಟುಕೊಂಡರೆ ಒಟ್ಟು ೧೦ ಗಿಗಾಬೈಟು. ಸೂಚಿಯಿಲ್ಲದೆ ಮೊದಲಿನಿಂದ ಕೊನೆಯವರೆಗೆ ಓದಬೇಕಾದರೆ, ಸೆಕೆಂಡಿಗೆ ೧೫೦ ಮೆಗಾಬೈಟಿನ ವೇಗದಲ್ಲಿಯೂ ಒಂದು ನಿಮಿಷಕ್ಕೆ ಮಿಗಿಲು. ಆ ನಿಮಿಷದಲ್ಲಿ ಉಳಿದವರೆಲ್ಲರೂ ಬಾಗಿಲಲ್ಲಿ. ಬೇಯರ್ ಮತ್ತು ಮ್ಯಾಕ್ರೈಟ್ ಎಂಬವರು ೧೯೭೨ರಲ್ಲಿ ಪ್ರಕಟಿಸಿದ ವೃಕ್ಷರೂಪದ ಸೂಚಿಯಲ್ಲಿ ಒಂದು ಪುಟದಿಂದ ೨೦೦ ಕವಲುಗಳು ಹೊರಡುತ್ತವೆಂದು ಭಾವಿಸಿದರೆ, ಮೂರು ಮೆಟ್ಟಿಲುಗಳಲ್ಲಿ ೮೦ ಲಕ್ಷ, ನಾಲ್ಕು ಮೆಟ್ಟಿಲುಗಳಲ್ಲಿ ೧೬೦ ಕೋಟಿ ದಾಖಲೆಗಳನ್ನು ತಲುಪಬಹುದು. ೨ ಕೋಟಿಯಲ್ಲಿ ಒಂದನ್ನು ಹುಡುಕಲು ನಾಲ್ಕು ಪುಟ ಸಾಕು, ಅಂದರೆ ಸುಮಾರು ೪೮ ಮಿಲಿಸೆಕೆಂಡು. ಮೇಲಿನ ಮೆಟ್ಟಿಲುಗಳು ಯಂತ್ರದ ಸ್ಮೃತಿಯಲ್ಲಿಯೇ ಇರುವುದರಿಂದ ವಾಸ್ತವದಲ್ಲಿ ಅದಕ್ಕೂ ಕಡಿಮೆ. ಇನ್ನೂ ಮುಖ್ಯವಾದುದೆಂದರೆ, ದಾಖಲೆಗಳು ೨ ಕೋಟಿಯಿಂದ ೨೦ ಕೋಟಿಗೆ ಏರಿದರೂ ಮೆಟ್ಟಿಲುಗಳು ನಾಲ್ಕೇ. ಸೂಚಿ ಸರಿಯಾಗಿರುವಲ್ಲಿ ಉಗ್ರಾಣದ ಗಾತ್ರವು ವಿಳಂಬಕ್ಕೆ ಕಾರಣವಾಗುವುದು ಬಹಳ ಕಡಿಮೆ. ನಮ್ಮ ವಾದದ ತಿರುಳು ಇದೇ.

ಬರೆಹದ ವಿಳಂಬಕ್ಕೆ ಬೇರೆ ಮೂಲಗಳಿವೆ. ಒಂದೊಂದು ಸೂಚಿಯನ್ನು ಹೆಚ್ಚಿಸಿದಂತೆ ತಿದ್ದಬೇಕಾದ ಪುಸ್ತಕವೂ ಒಂದೊಂದು ಹೆಚ್ಚುತ್ತದೆ. ದಿನವಹಿಯನ್ನೂ ಮುಖ್ಯ ಕಡತವನ್ನೂ ಒಂದೇ ತಿರುಗುವ ಡಿಸ್ಕಿನಲ್ಲಿ ಇಟ್ಟರೆ ತೋಳು ಎರಡರ ನಡುವೆ ಓಡಾಡುವುದರಲ್ಲಿಯೇ ಕಾಲ ಕಳೆಯುವುದು. ಒಂದು ಡಿಸ್ಕು ಕೆಟ್ಟರೂ ಉಳಿದವುಗಳಿಂದ ಮರಳಿ ಕಟ್ಟಿಕೊಳ್ಳುವಂತೆ ಹಲವನ್ನು ಕೂಡಿಸಿದ 'ರೇಡ್ ಐದು' ಪದ್ಧತಿಯಲ್ಲಿ ಒಂದು ಸಣ್ಣ ಬರೆಹಕ್ಕೆ ಎರಡು ಓದು, ಎರಡು ಬರೆಹ, ಹೀಗೆ ನಾಲ್ಕು ಕೆಲಸಗಳು. ಒಂದು ಡಿಸ್ಕು ಸದ್ದಿಲ್ಲದೆ ಕೆಟ್ಟು ಗುಂಪು ಮರುಕಟ್ಟಣೆಯಲ್ಲಿ ತೊಡಗಿದ್ದರೆ ಇನ್ನೂ ಹೆಚ್ಚು. ಬರೆಹಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ನಿಯಂತ್ರಕದ ಬ್ಯಾಟರಿ ಕ್ಷೀಣಿಸಿದರೆ, ಯಂತ್ರವು ಎಚ್ಚರದಿಂದ ಪ್ರತಿಯೊಂದನ್ನೂ ನೇರವಾಗಿ ತಟ್ಟೆಗೇ ಬರೆಯತೊಡಗಿ ಒಂದೇ ದಿನದಲ್ಲಿ ಮಂದವಾಗುವುದು. ಕಛೇರಿಯ ಹೊತ್ತಿನಲ್ಲಿಯೇ ಪ್ರತಿ ತೆಗೆಯುವ ಕೆಲಸ ಹಚ್ಚಿದ್ದರೂ ಹೀಗೆಯೇ. ಇವೆಲ್ಲವೂ ಡಿಸ್ಕಿಗೆ ಸಂಬಂಧಿಸಿದವು. ಆದರೆ ಒಬ್ಬನು ಒಂದು ಪುಟವನ್ನು ತಿದ್ದಲು ಹಿಡಿದುಕೊಂಡು ಬಿಡದೆ ಇದ್ದರೆ ಹಿಂದಿನವರೆಲ್ಲ ಕಾಯುತ್ತಾರೆ. ಆಗ ಡಿಸ್ಕು ಸುಮ್ಮನೆ ಕುಳಿತಿರುತ್ತದೆ. ಡಿಸ್ಕು ಬಿಡುವಾಗಿದ್ದು ಜನ ಕಾಯುತ್ತಿದ್ದರೆ ಪರೀಕ್ಷಕನು ಉಗ್ರಾಣವನ್ನು ಬಿಟ್ಟು ಚಾವಡಿಯ ಕಡೆಗೆ ನಡೆಯಬೇಕು.

'ಭೂಮಿ' ಯೋಜನೆಯ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಬೇಕು. ಕೇಂದ್ರ ಸರ್ಕಾರವು ೧೯೮೮-೮೯ರಲ್ಲಿ ಭೂದಾಖಲೆಗಳ ಗಣಕೀಕರಣವನ್ನು ಕೆಲವು ಜಿಲ್ಲೆಗಳಲ್ಲಿ ಪ್ರಯೋಗವಾಗಿ ಆರಂಭಿಸಿತ್ತು. ಕರ್ನಾಟಕದಲ್ಲಿ ರಾಜೀವ್ ಚಾವ್ಲಾ ಅವರ ಮೇಲ್ವಿಚಾರಣೆಯಲ್ಲಿ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದವರು ರಚಿಸಿದ ತಂತ್ರಾಂಶದಿಂದ, ಸುಮಾರು ೯೦೦೦ ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಪಹಣಿಗಳನ್ನು ೨೦೦೦ದ ಆಸುಪಾಸಿನ ವರ್ಷಗಳಲ್ಲಿ ತಾಲೂಕು ಕಛೇರಿಗಳ ಗಣಕಗಳಿಗೆ ಏರಿಸಲಾಯಿತು. ೧೫ ರೂಪಾಯಿ ಕೊಟ್ಟವನಿಗೆ ಕೆಲವೇ ನಿಮಿಷಗಳಲ್ಲಿ ಉತಾರ ಕೈಗೆ ಬರತೊಡಗಿತು. ಕೈಬರೆಹದ ಪಹಣಿಗೆ ಮಾನ್ಯತೆ ತಪ್ಪಿತು. ಇದನ್ನು ಯಂತ್ರದ ವೇಗದ ಫಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇದು ಪ್ರಧಾನವಾಗಿ ಸೂಚಿಯ ಫಲ. ತಲಾಟಿಯನ್ನು ಹುಡುಕುವ ಕಾಲವೂ ಅವನು ಪುಸ್ತಕವನ್ನು ಹುಡುಕುವ ಕಾಲವೂ ಇಲ್ಲವಾದುವು. ಹಕ್ಕುಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇ ಮಾಡಬೇಕೆಂದು ತಂತ್ರಾಂಶದಲ್ಲಿಯೇ ಕಟ್ಟುಮಾಡಿದುದು ಇದಕ್ಕಿಂತಲೂ ದೊಡ್ಡ ಸಂಗತಿ. ಇದರಿಂದ ಸರಾಸರಿ ವಿಳಂಬವು ತಗ್ಗುವುದೆಂದಲ್ಲ. ಹಿಂದೆ ಬಂದವನು ಮುಂದೆ ಹೋಗುವುದು ಇದರಿಂದ ಕಷ್ಟವಾಯಿತು, ಬಡವನ ಅರ್ಜಿ ಗಂಟಿನ ತಳ ಸೇರುವುದು ತಪ್ಪಿತು.

ಬರೆಹದ ಕಡೆಯಲ್ಲಿ ತಕರಾರಿಗಾಗಿ ಕಾನೂನು ಇಟ್ಟಿದ್ದ ೩೦ ದಿನಗಳ ಅವಧಿಯು 'ಭೂಮಿ' ಬಂದ ಮೇಲೆಯೂ ಉಳಿದೇ ಇತ್ತು. ಅದನ್ನು ಸರ್ಕಾರವು ತಗ್ಗಿಸಿದುದು ಬಹಳ ವರ್ಷಗಳ ಮೇಲೆ. ಈ ಅವಧಿಯನ್ನು ವಿಳಂಬವೆಂದು ಕರೆಯಲು ನಾವು ಹಿಂಜರಿಯುತ್ತೇವೆ. ಗೋವೆಗೋ ಮಂಗಳೂರಿಗೋ ದುಡಿಯಲು ಹೋದ ತಮ್ಮನಿಗೆ, ತವರಿನ ಹೊಲದಲ್ಲಿ ಪಾಲುಳ್ಳ ಹೆಣ್ಣುಮಗಳಿಗೆ, ತನ್ನ ಹೆಸರು ಬಿಟ್ಟುಹೋಗುತ್ತಿದೆ ಎಂದು ತಿಳಿದು ಬಂದು ಹೇಳಲು ಇದ್ದ ಕಾಲ ಅದು. ಎಲ್ಲ ಕಾಯುವಿಕೆಯೂ ರೋಗವಲ್ಲ.

ಮೊದಲಲ್ಲಿ ಪ್ರತಿಯೊಂದು ತಾಲೂಕಿನಲ್ಲಿಯೂ ಅದರದೇ ಸರ್ವರು ಇತ್ತು. ತರುವಾಯ ದಾಖಲೆಗಳೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು. ಹುನಗುಂದದ ಕಿಟಕಿಯಲ್ಲಿ ನಿಂತವನ ಕಾಯುವಿಕೆಗೆ ದಾರಿಯ ದೂರವೂ, ರಾಜ್ಯದ ಉಳಿದೆಲ್ಲ ಕಿಟಕಿಗಳ ಜನಸಂದಣಿಯೂ ಸೇರಿಕೊಂಡವು. ಇಲ್ಲಿ ವಿಳಂಬದ ಮೂಲವನ್ನು ಊಹೆಯಿಂದ ಹೇಳುವುದು ಎಷ್ಟು ಅಪಾಯಕರವೆಂಬುದಕ್ಕೆ ನೋಂದಣಿ ಇಲಾಖೆಯ 'ಕಾವೇರಿ ೨.೦' ತಂತ್ರಾಂಶದ ಉದಾಹರಣೆ ಸಾಕು. ೨೦೨೫ರ ಜನವರಿಯಲ್ಲಿ ರಾಜ್ಯದಾದ್ಯಂತ ಆಸ್ತಿಗಳ ನೋಂದಣಿಯು ಅಸ್ತವ್ಯಸ್ತವಾಯಿತು. ಉಪನೋಂದಣಿ ಕಛೇರಿಗಳ ಮುಂದೆ ನಿಂತವರಿಗೆ ಅದೂ 'ಸರ್ವರ್ ಇಲ್ಲ'ವೇ. ವಿಚಾರಿಸಿ ನೋಡಿದಾಗ, ನಕಲಿ ಖಾತೆಗಳ ಮೂಲಕ ಯಂತ್ರಗಳಿಂದ ಋಣಭಾರ ಪತ್ರದ ಹುಡುಕಾಟಗಳನ್ನು ರಾಶಿರಾಶಿಯಾಗಿ ಕಳುಹಿಸಿ ಉಗ್ರಾಣವನ್ನು ಉಸಿರುಗಟ್ಟಿಸಲಾಗಿತ್ತೆಂದು ಸರ್ಕಾರವು ತಿಳಿಸಿತು; ಪೊಲೀಸರಿಗೆ ದೂರೂ ಹೋಯಿತು. ಋಣಭಾರದ ಹುಡುಕಾಟವು ಹಲವು ವರ್ಷಗಳ ದಾಖಲೆಗಳನ್ನು ಒಮ್ಮೆಗೇ ಕೇಳುವಂಥದು, ಆದುದರಿಂದ ಬಲು ಭಾರವಾದುದು. ಇಂತಹ ಹೊತ್ತಿನಲ್ಲಿ ಹೊಸ ಡಿಸ್ಕನ್ನು ಕೊಂಡುತಂದಿದ್ದರೆ ಅದೂ ಕೆಲವೇ ಗಂಟೆಗಳಲ್ಲಿ ತುಂಬಿಹೋಗುತ್ತಿತ್ತು.

ಇನ್ನು ಹಳೆಯ ಕಾಗದಗಳ ಮಾತು. ದಾಖಲೆ ಕೊಠಡಿಗಳಲ್ಲಿ ಕಾಗದಗಳನ್ನು ಶಾಶ್ವತ ವರ್ಗದಿಂದ ಹಿಡಿದು ಕೆಲವೇ ವರ್ಷಗಳಲ್ಲಿ ನಾಶಮಾಡತಕ್ಕ ವರ್ಗದವರೆಗೆ ವಿಂಗಡಿಸುವ ಪದ್ಧತಿ ಬ್ರಿಟಿಷರ ಕಾಲದಿಂದಲೂ ಇದೆ. ಸ್ಥಳವಿಲ್ಲ, ಹುಡುಕುವುದು ಕಷ್ಟ ಎಂಬುದೇ ನಾಶಕ್ಕೆ ಮುಖ್ಯ ಕಾರಣ. ಸ್ಥಳವಿಲ್ಲವೆಂಬುದು ಕಾಗದಕ್ಕೆ ಸಲ್ಲುವ ಮಾತು, ಒಪ್ಪಬಹುದು. ಹುಡುಕುವುದು ಕಷ್ಟವೆಂಬುದು ಸೂಚಿಯ ದೋಷ. ಅದಕ್ಕೆ ದಂಡವನ್ನು ತೆತ್ತುದು ಕಾಗದ. ಸರ್ವರು ಮಂದವಾದಾಗ ಹಳೆಯ ವರ್ಷಗಳ ದಾಖಲೆಗಳನ್ನು ತೆಗೆದುಬಿಡಿ ಎಂದು ಸಲಹೆ ಕೊಡುವವರ ತರ್ಕವೂ ಇದೇ. 'ಭೂಮಿ'ಗೆ ಏರಿದುದು ಆಗ ಚಾಲ್ತಿಯಲ್ಲಿದ್ದ ಪಹಣಿ ಮಾತ್ರ. ಅದಕ್ಕೆ ಹಿಂದಿನವು ಕೈಬರೆಹದಲ್ಲಿಯೇ ಕೊಠಡಿಗಳಲ್ಲಿ ಉಳಿದವು. ಈಚೆಗೆ ಅವುಗಳನ್ನು 'ಭೂ ಸುರಕ್ಷಾ' ಎಂಬ ಹೆಸರಿನಲ್ಲಿ ತಾಲೂಕು ತಾಲೂಕುಗಳಲ್ಲಿ ಬಿಂಬಗಳಾಗಿ ತೆಗೆಯುವ ಕಾರ್ಯ ನಡೆದಿರುವುದು ಸಂತೋಷದ ಸಂಗತಿ. ಬಿಂಬವೊಂದು ಪಹಣಿಯ ಅಕ್ಷರಗಳಿಗಿಂತ ನೂರಾರು ಪಾಲು ದೊಡ್ಡದು. ಅದನ್ನು ಸಾಲಾಗಿ ಓದುವುದು ಸುಲಭ, ದಿನನಿತ್ಯದ ಸಣ್ಣ ಓದುಗಳೊಡನೆ ಒಂದೇ ಡಿಸ್ಕಿನಲ್ಲಿ ಬೆರೆಸುವುದು ತೊಂದರೆ. ಬಿಂಬಗಳನ್ನು ಬೇರೆಯಾದ, ಅಗ್ಗವಾದ, ಮಂದವಾದ ಡಿಸ್ಕುಗಳಲ್ಲಿ ಇಡಲಿ, ಸಂಶೋಧಕನು ಕಾಯಬಲ್ಲನು. ಸೂಚಿಯನ್ನು ಮಾತ್ರ ಅಳಿಸದೆ ಮುಖ್ಯ ಉಗ್ರಾಣದಲ್ಲಿಯೇ ಉಳಿಸಬೇಕು.

ಆ ಸೂಚಿಯನ್ನು ಇಂದಿನ ಹೆಸರುಗಳ ಮೇಲೆ ಮಾತ್ರ ಕಟ್ಟಿದರೆ ಸಾಲದು. ಇಳಕಲ್ ತಾಲೂಕು ೨೦೧೭-೧೮ರ ಸುಮಾರಿನಲ್ಲಿ ಹುನಗುಂದದಿಂದಲೂ, ಗುಳೇದಗುಡ್ಡ ತಾಲೂಕು ಬಾದಾಮಿಯಿಂದಲೂ ಬೇರೆಯಾದುವು. ಬಾಗಲಕೋಟೆ ಜಿಲ್ಲೆಯೇ ಹುಟ್ಟಿದುದು ೧೯೯೭ರಲ್ಲಿ. ಅದಕ್ಕೆ ಮೊದಲಿನ ಕಾಗದಗಳ ತಲೆಯ ಮೇಲೆ ವಿಜಾಪುರ ಜಿಲ್ಲೆ ಎಂದೂ, ೧೮೮೫ರಲ್ಲಿ ಜಿಲ್ಲೆಯ ಠಾಣೆ ವಿಜಾಪುರಕ್ಕೆ ಹೋಗುವುದಕ್ಕೆ ಮುಂಚಿನ ಕಾಗದಗಳಲ್ಲಿ ಕಲಾದಗಿ ಎಂದೂ ಇರುವುದು. ಇಳಕಲ್ಲಿನ ನೇಕಾರ ಮನೆತನವೊಂದು ತನ್ನ ಮುತ್ತಜ್ಜನ ಹೊಲದ ಅಡವಿನ ನಮೂದನ್ನು ಹುಡುಕಬೇಕಾದರೆ ಇಳಕಲ್ ಎಂಬ ತಾಲೂಕಿನ ಕೆಳಗೆ ಅದು ಸಿಗಲಾರದು. ಹುನಗುಂದ, ವಿಜಾಪುರ, ಕಲಾದಗಿ ಈ ಮೂರು ಹೆಸರುಗಳಲ್ಲಿಯೂ ಆ ಸರ್ವೆ ನಂಬರಿಗೆ ದಾರಿ ಇರಬೇಕು. ಮೋಡಿ ಲಿಪಿಯ ಬಿಂಬಗಳಿಗೆ ಊರು, ವರ್ಷ, ನಂಬರು ಈ ಮೂರನ್ನಾದರೂ ಕನ್ನಡದಲ್ಲಿ ಬರೆದು ಸೇರಿಸಬೇಕು. ಮೋಡಿಯನ್ನು ಓದಬಲ್ಲವರು ಈ ಜಿಲ್ಲೆಯಲ್ಲಿ ವಿರಳರಾಗಿರುವುದರಿಂದ ಈ ಒಂದು ಕೆಲಸವು ಡಿಸ್ಕನ್ನು ಕೊಳ್ಳುವುದಕ್ಕಿಂತ ಮೊದಲು ಆಗಬೇಕಾಗಿದೆ.